ಹಿಮದ ಹಾದಿ, ಮೆತ್ತನೆಯ ರಬ್ಬರು

ನವೆಂಬರ್ ಬಂತೆಂದರೆ ಮಾಂಟ್ರಿಯಲ್‌ನ ಗ್ಯಾರೇಜುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಊರಿಗೆ ಊರೇ ಬೇಸಿಗೆಯ ಟೈರು ಬಿಚ್ಚಿಸಿ ಚಳಿಗಾಲದ ಟೈರು ಹಾಕಿಸಿಕೊಳ್ಳುವ ಸಮಯ ಅದು. ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಇದು ಕಾನೂನು. ಈಗಿನ ನಿಯಮದಂತೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಲ್ಲಿ ನೋಂದಣಿಯಾದ ಪ್ರತಿ ಕಾರಿನ ನಾಲ್ಕೂ ಗಾಲಿಗೆ ಚಳಿಗಾಲದ ಟೈರು ಇರಲೇಬೇಕು. ತಪ್ಪಿದರೆ 200 ಡಾಲರಿಗೆ ಕಡಿಮೆಯಿಲ್ಲದ ದಂಡ. ಹೆಚ್ಚಿನವರಿಗೆ ಅದೊಂದು ಖರ್ಚಿನ ಬಾಬತ್ತು. ನನಗೆ ಮಾತ್ರ ವರ್ಷದಲ್ಲಿ ಅತಿ ಇಷ್ಟದ ಕೆಲಸ. ಗ್ಯಾರೇಜಿಗೆ ಹೋಗದೆ ನಾನೇ ಜಾಕ್ ಹಾಕಿ, ಮನೆಯ ಮುಂದೆ ಕೂತು ಬದಲಿಸುತ್ತೇನೆ.

ಈ ಟೈರುಗಳಿಗೆ ಬೇರೆಯೇ ಉಕ್ಕಿನ ರಿಮ್ ಹಾಕಿಸಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಬಿಚ್ಚುವಾಗ ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ‘ಎಡ ಮುಂದೆ’, ‘ಬಲ ಹಿಂದೆ’ ಎಂದು ಬರೆದಿಡುತ್ತೇನೆ. ನನ್ನ ಟೈರುಗಳ ಪಕ್ಕದಲ್ಲಿ ಬಾಣದ ಗುರುತಿದೆ, ಅದು ತೋರಿಸುವ ದಿಕ್ಕಿಗೇ ಗಾಲಿ ಉರುಳಬೇಕು. ನಟ್ಟುಗಳನ್ನು ಸಾಲಾಗಿ ಬಿಗಿಯುವಂತಿಲ್ಲ, ಒಂದಕ್ಕೆ ಎದುರಿನದು, ಮತ್ತೆ ಅದರ ಎದುರಿನದು, ಹೀಗೆ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಬೇಕು. ಬೆರಳು ಮರಗಟ್ಟುವ ಚಳಿಯಲ್ಲೂ ಈ ಕೆಲಸದಲ್ಲಿ ನನಗೆ ಬೇಸರ ಬಂದದ್ದಿಲ್ಲ.

ಒಂದು ಚಳಿಗಾಲದ ಟೈರನ್ನು ಹತ್ತಿರದಿಂದ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಪಕ್ಕದಲ್ಲಿ ಮೂರು ಶಿಖರದ ಒಂದು ಬೆಟ್ಟ, ಅದರೊಳಗೆ ಹಿಮದ ಹರಳು: ಹಿಮದ ಪರೀಕ್ಷೆಯಲ್ಲಿ ಪಾಸಾದ ಟೈರಿನ ಗುರುತು ಅದು. ಮೇಲ್ಮೈಯಲ್ಲಿ ದೊಡ್ಡ ದೊಡ್ಡ ಕಟ್ಟೆಗಳು, ನಡುವೆ ಆಳದ ಕಾಲುವೆಗಳು. ಪ್ರತಿ ಕಟ್ಟೆಯ ಮೇಲೂ ತೆಳ್ಳನೆಯ ಅಂಕುಡೊಂಕು ಗೀರುಗಳು. ಹೆಬ್ಬೆರಳಿನಿಂದ ಒತ್ತಿ ಸರಿಸಿದರೆ ಆ ಗೀರುಗಳು ಬಾಯಿ ಬಿಡುತ್ತವೆ. ರಸ್ತೆಯ ಮೇಲೆ ಕಾರಿನ ಭಾರ ಬಿದ್ದಾಗಲೂ ಹೀಗೆಯೇ. ಬಾಯಿ ಬಿಟ್ಟ ನೂರಾರು ಅಂಚುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕಾಲುವೆಗಳಲ್ಲಿ ತುಂಬಿಕೊಂಡ ಹಿಮವೂ ವ್ಯರ್ಥವಲ್ಲ; ಹಿಮಕ್ಕೆ ಹಿಮ ಚೆನ್ನಾಗಿ ಅಂಟುವುದರಿಂದ ಟೈರಿನಲ್ಲಿ ಕೂತ ಹಿಮ ನೆಲದ ಹಿಮವನ್ನು ಹಿಡಿದುಕೊಳ್ಳುತ್ತದೆ. ಯಾವುದನ್ನು ಶತ್ರು ಎಂದುಕೊಂಡಿದ್ದೆವೋ ಅದರಿಂದಲೇ ಕೆಲಸ ತೆಗೆಯುವ ಈ ಉಪಾಯಕ್ಕೆ ನಾನು ಮನಸೋತಿದ್ದೇನೆ.

ಗೀರಿಗಿಂತ ದೊಡ್ಡ ಸಂಗತಿ ರಬ್ಬರಿನದು. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ಟೈರು ಬಿರುಸಾಗತೊಡಗುತ್ತದೆ. ಬಿರುಸಾದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಮೈಯೊಡ್ಡುವುದಿಲ್ಲ, ಮೇಲೆ ಮೇಲೆ ಜಾರುತ್ತದೆ. ಆದ್ದರಿಂದ ಹಿಮವೇ ಬೀಳದಿದ್ದರೂ ಚಳಿಗಾಲಕ್ಕೆ ಬೇರೆ ಟೈರು ಬೇಕು. ಕೊರೆಯುವ ಚಳಿಯಲ್ಲೂ ಮೆತ್ತಗೆ ಉಳಿಯಲೆಂದು ಇದರಲ್ಲಿ ಸಾಮಾನ್ಯವಾಗಿ ಸಹಜ ರಬ್ಬರಿನ ಪಾಲು ಹೆಚ್ಚು, ಜೊತೆಗೆ ಸಿಲಿಕಾ. ನಾನು ಸುಳ್ಯದ ಕಡೆಯವನು. ನಸುಕಿನಲ್ಲಿ ರಬ್ಬರು ಮರದ ತೊಗಟೆ ಗೀರುವುದನ್ನು, ಗೆರಟೆಗೆ ಹಾಲು ತೊಟ್ಟಿಕ್ಕುವುದನ್ನು, ಹೊಗೆ ಹಾಕಿ ಒಣಗಿಸಿದ ಕಂದು ಶೀಟುಗಳ ಘಾಟನ್ನು ಬಲ್ಲವನು. ಮಳೆ ಮತ್ತು ಸೆಕೆಯಲ್ಲದೆ ಬೇರೇನನ್ನೂ ಕಾಣದ ಮರದ ಹಾಲು ಮೈನಸ್ ಇಪ್ಪತ್ತರಲ್ಲಿ ಒಂದು ಕಾರನ್ನು ರಸ್ತೆಗೆ ಅಂಟಿಸಿ ನಿಲ್ಲಿಸುತ್ತದೆಂಬ ಯೋಚನೆ ಪ್ರತಿ ನವೆಂಬರ್‌ನಲ್ಲೂ ನನ್ನನ್ನು ಹೊಸದಾಗಿ ಖುಷಿಪಡಿಸುತ್ತದೆ.

ಇನ್ನು ಓಡಿಸುವ ಸುಖ. ಹಿಮದ ಚಾಲನೆಯೆಂದರೆ ಒಂದೇ ಸಮನೆ ಭಯ ಎಂದು ಊರಿನವರು ತಿಳಿದಿದ್ದಾರೆ. ಹಾಗೇನಿಲ್ಲ, ಹಿಮದಲ್ಲಿ ಹತ್ತು ಬಗೆಯಿದೆ. ಮೈನಸ್ ಹದಿನೈದರ ಬೆಳಿಗ್ಗೆ, ರಾತ್ರಿ ಬಿದ್ದದ್ದು ಗಾಲಿಗಳಡಿ ಒತ್ತಿ ಗಟ್ಟಿಯಾದ ಬಿಳಿ ರಸ್ತೆ ನನಗೆ ಎಲ್ಲಕ್ಕಿಂತ ಪ್ರಿಯ. ಟೈರಿನಡಿಯಿಂದ ಆರಾರೂಟು ಹಿಟ್ಟಿನ ಪೊಟ್ಟಣ ಹಿಸುಕಿದಂಥ ಕಿರ್‌ಕಿರ್ ಸದ್ದು ಬರುತ್ತಿರುತ್ತದೆ. ಆ ಸದ್ದು ಇರುವಷ್ಟು ಹೊತ್ತು ಹಿಡಿತ ಇದೆಯೆಂದು ನಾನು ಧೈರ್ಯವಾಗಿರುತ್ತೇನೆ. ಸದ್ದು ಥಟ್ಟನೆ ನಿಂತು ಸ್ಟೇರಿಂಗ್ ಹಗುರವಾಯಿತೋ, ಅಡಿಯಲ್ಲಿ ಮಂಜುಗಡ್ಡೆ ಬಂತೆಂದು ಅರ್ಥ. ಅತಿ ಕೆಟ್ಟದ್ದು ಸೊನ್ನೆಯ ಆಸುಪಾಸು. ಕರಗಲಾರಂಭಿಸಿದ ಗಡ್ಡೆಯ ಮೇಲೆ ನೀರಿನ ಪೊರೆ ಕಟ್ಟಿ, ಚಳಿ ಕಡಿಮೆಯಾದಷ್ಟೂ ಜಾರು ಹೆಚ್ಚುತ್ತದೆ. ಸೇತುವೆಯ ಮೇಲಂತೂ, ಅಡಿಯಿಂದಲೂ ಗಾಳಿ ಆಡುವುದರಿಂದ, ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟಿರುತ್ತದೆ. ಸುರಿದ ಉಪ್ಪನ್ನು ನಂಬಿ ಕೂರುವಂತಿಲ್ಲ, ಕಡುಚಳಿಯಲ್ಲಿ ಉಪ್ಪಿನ ಆಟವೂ ನಡೆಯುವುದಿಲ್ಲ. ಆಗ ಮರಳನ್ನೋ ಜಲ್ಲಿಪುಡಿಯನ್ನೋ ಎರಚುತ್ತಾರೆ.

ಕ್ವಿಬೆಕ್ ನಗರದಿಂದ ಸಗೆನೇ ಕಡೆಗೆ ಹೋಗುವ 175ನೇ ನಂಬರಿನ ಹೆದ್ದಾರಿ ನನ್ನ ಮೆಚ್ಚಿನದು. ಸುಮಾರು 200 ಕಿಲೋಮೀಟರ್, ಬಹುಪಾಲು ಲಾರೆಂಟೈಡ್ಸ್ ಅಭಯಾರಣ್ಯದ ಎತ್ತರದ ಕಾಡಿನ ನಡುವೆ. ಕೆಳಗೆ ಮಳೆಯಿದ್ದರೆ ಮೇಲೆ ಹಿಮ ಸುರಿಯುತ್ತಿರುತ್ತದೆ. ನಡುದಾರಿಯಲ್ಲಿ ಲೇಟಾಪ್ ಎಂಬ ಒಂದು ತಂಗುತಾಣ ಬಿಟ್ಟರೆ ಪೆಟ್ರೋಲಿಲ್ಲ, ಊಟವಿಲ್ಲ. ಅಲ್ಲಿ ಕಾರು ಓಡಿಸುವಾಗ ಬೇರೆ ಯೋಚನೆ ತಲೆಗೆ ಬರುವುದೇ ಇಲ್ಲ. ಕೈ, ಕಾಲು, ಸೀಟಿನಡಿಯ ಸಣ್ಣ ಕಂಪನ, ಎಲ್ಲವೂ ರಸ್ತೆಯ ಸುದ್ದಿ ಹೇಳುತ್ತಿರುತ್ತವೆ. ತಿರುವಿಗೆ ಮೊದಲು, ನೇರ ರಸ್ತೆಯಲ್ಲೇ ವೇಗ ಇಳಿಸಬೇಕು; ಆಮೇಲೆ ತಿರುಗಿಸಬೇಕು; ಗಾಲಿ ನೇರವಾದ ಮೇಲೆ ಆಕ್ಸಿಲರೇಟರ್. ಒಂದು ಗಳಿಗೆಗೆ ಟೈರಿಗೆ ಒಂದೇ ಕೆಲಸ ಕೊಡಬೇಕು. ಈ ಕ್ರಮ ಮೈಗೂಡಿದ ಮೇಲೆ ಸಿಗುವ ನೆಮ್ಮದಿ ಬೇಸಿಗೆಯ ನೂರು ಕಿಲೋಮೀಟರ್ ವೇಗದಲ್ಲಿ ನನಗೆ ಸಿಕ್ಕಿಲ್ಲ.

ಶಾರ್ಲ್ವಾ ಪ್ರದೇಶದಲ್ಲಿ ಸೇಂಟ್ ಲಾರೆನ್ಸ್ ನದಿಯ ಕಡೆಗೆ ಧುಮುಕುವ ಇಳಿಜಾರುಗಳಲ್ಲಿ ನಮ್ಮೂರ ಕಡೆಯ ಸಂಪಾಜೆ ಘಾಟಿಯ ಪಾಠ ನನ್ನ ಕೈ ಹಿಡಿಯಿತು. ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಅಲ್ಲಿನ ಲಾರಿಯವರು ಹೇಳುತ್ತಿದ್ದ ಮಾತು ಇಲ್ಲೂ ನಡೆಯುತ್ತದೆ. ಒಂದು ತಿದ್ದುಪಡಿ ಬೇಕು: ಗೇರು ಇಳಿಸುವುದು ಇಳಿಜಾರು ಶುರುವಾಗುವ ಮೊದಲೇ ಆಗಬೇಕು. ಅರ್ಧದಾರಿಯಲ್ಲಿ ಥಟ್ಟನೆ ಇಳಿಸಿದರೆ ಆ ಜಗ್ಗಾಟಕ್ಕೇ ಗಾಲಿ ಜಾರೀತು.

ಊರಿನಿಂದ ಹೊಸದಾಗಿ ಬಂದವರನ್ನು ಮೊದಲ ಹಿಮಕ್ಕೆ ನಾನು ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದೊಯ್ಯುತ್ತೇನೆ. ಹೋದ ವರ್ಷ ನಮ್ಮ ಕಡೆಯ ಒಬ್ಬ ಹುಡುಗನಿಗೆ ಮೂವತ್ತರ ವೇಗದಲ್ಲಿ ಪೂರ್ತಿ ಬ್ರೇಕ್ ಒತ್ತಲು ಹೇಳಿದೆ. ಕಾಲಡಿ ಪೆಡಲು ಗಡಗಡ ಎಂದಿತು.

“ಅಣ್ಣಾ, ಬ್ರೇಕು ನಡುಗ್ತಾ ಉಂಟು!”

“ನಡುಗಲಿ, ಕಾಲು ತೆಗೀಬೇಡ. ಅದು ಎಬಿಎಸ್ ಕೆಲಸ ಮಾಡೋದು. ಹೋಗಬೇಕಾದ ಕಡೆ ನೋಡು, ಆ ಕಂಬವನ್ನಲ್ಲ.”

ಕಾರು ತಿರುಗಿತು, ನಿಂತಿತು. ಅವನ ಮುಖ ಅರಳಿದ್ದನ್ನು ಕಂಡು ನನಗೆ ಅವನಿಗಿಂತ ಹೆಚ್ಚು ಸಂತೋಷವಾಯಿತು. ಕಂಬವನ್ನೇ ನೋಡಿದರೆ ಕೈ ಆ ಕಡೆಗೇ ಎಳೆಯುತ್ತದೆ. ಅದನ್ನು ಬಾಯಲ್ಲಿ ಹೇಳಿ ಕಲಿಸಲು ಆಗುವುದಿಲ್ಲ.

ನನ್ನ ಗಟ್ಟಿ ಅಭಿಪ್ರಾಯ ಒಂದಿದೆ. ನಾಲ್ಕೂ ಗಾಲಿ ತಿರುಗಿಸುವ ದೊಡ್ಡ ಗಾಡಿ ಕೊಂಡು, ಟೈರಿನಲ್ಲಿ ಉಳಿತಾಯ ಮಾಡುವವರು ದಾರಿ ತಪ್ಪಿದ್ದಾರೆ. ಆಲ್ ವ್ಹೀಲ್ ಡ್ರೈವ್ ಕಾರನ್ನು ಹೊರಡಿಸುತ್ತದೆ, ಏರು ಹತ್ತಿಸುತ್ತದೆ. ನಿಲ್ಲಿಸಲು ಅದರಿಂದ ಏನೂ ಸಹಾಯವಿಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕೂ ಗಾಲಿಗೆ ಇದ್ದೇ ಇದೆ. ಒಳ್ಳೆಯ ಟೈರಿನ ಹಳೆಯ ಚಿಕ್ಕ ಕಾರೇ ನನ್ನ ಆಯ್ಕೆ. ಗಾಳಿಯನ್ನೂ ಮರೆಯಬಾರದು: ಉಷ್ಣಾಂಶ ಐದಾರು ಡಿಗ್ರಿ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮೊದಲ ಚಳಿಗೆ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ದೀಪ ಹೊತ್ತುವುದು ಹೆಚ್ಚಾಗಿ ಇದಕ್ಕೇ.

ಡಿಸೆಂಬರಿನಲ್ಲಿ ಮಕ್ಕಳನ್ನು ನೋಡಲು ಟೊರೊಂಟೊಗೆ ಬಂದು, ಬಾಡಿಗೆ ಕಾರಿನಲ್ಲಿ ಕ್ವಿಬೆಕ್ ಕಡೆ ಹೊರಡುವ ನಮ್ಮವರು ಬಹಳ ಮಂದಿ. ಕ್ವಿಬೆಕ್‌ನಲ್ಲಿ ಬಾಡಿಗೆ ಕಾರಿಗೂ ಚಳಿಗಾಲದ ಟೈರು ಕಡ್ಡಾಯ, ಒಂಟೇರಿಯೊದಲ್ಲಿ ಹಾಗಿಲ್ಲ. ಕೀಲಿಕೈ ತೆಗೆದುಕೊಳ್ಳುವ ಮೊದಲು ಗಾಲಿಯ ಪಕ್ಕ ಬಗ್ಗಿ, ಆ ಬೆಟ್ಟದೊಳಗಿನ ಹಿಮದ ಹರಳಿನ ಗುರುತು ನಾಲ್ಕರಲ್ಲೂ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಬೇರೆ ಕಾರು ಕೇಳಿ.