ಹೆಬ್ಬೆಟ್ಟಿಗೂ ಬೀಗ

ಮೊದ್ಲೆಲ್ಲ ನಮ್ಮ ಚೌಳಹಿರಿಯೂರು ಕಡೆ ಓದು ಬರದೋರನ್ನ ಹೀಯಾಳಿಸ್ಬೇಕಂದ್ರೆ "ಹೆಬ್ಬೆಟ್ಟು" ಅಂತಿದ್ರು. ನಮ್ಮತ್ತೆ ಆ ಮಾತು ಕೇಳಿ ಸಾಕಾಗಿ, ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ರಾತ್ರಿ ಶಾಲೆಗೆ ಹೋಗಿ ಹೆಸರು ಬರೆಯೋದು ಕಲ್ತೋರು. ಈಗ ಎಲ್ಲೇ ಹೋದ್ರೂ "ಸೈನ್ ಬೇಡ ಅಜ್ಜಿ, ಬೆಟ್ಟು ಒತ್ತಿ" ಅಂತಾರೆ. ಅವ್ರಿಗೆ ಇನ್ನೂ ಸಿಟ್ಟು.

ಸೊಸೈಟಿ ಅಕ್ಕಿಗೂ ಬೆಟ್ಟು, ಬ್ಯಾಂಕಿನ ದುಡ್ಡಿಗೂ ಬೆಟ್ಟು. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಎತ್ತಬಾರ್ದು ಅಂತ ತಂದಿದ್ದು, ಒಳ್ಳೇದೇ. ಆದ್ರೆ ನಮ್ಮ ಕೈ ನೋಡ್ರಿ. ಅಡಿಕೆ ಸುಲಿದು, ಈರುಳ್ಳಿ ಕೊಯ್ದು, ಪಾತ್ರೆ ಉಜ್ಜಿ ಗೆರೆನೇ ಸವೆದು ಹೋಗೈತೆ. ತೊಳ್ಕೊಂಡು, ಸೆರಗಲ್ಲಿ ಒರೆಸ್ಕೊಂಡು ನಾಲ್ಕು ಸಲ ಒತ್ತಿದ್ರೂ ಮಿಷನ್ನು ಒಪ್ಪಲ್ಲ.

ನನ್ನನ್ನ ಒಪ್ಪದ ಮಿಷನ್ನು ಕಳ್ಳನ್ನ ಒಪ್ತದೆ, ಅದೇ ಆಶ್ಚರ್ಯ. ನಮ್ಮ ನಾದಿನಿ ಕೊಬ್ಬರಿ ಮಾರಿ ಇಟ್ಟಿದ್ದ ದುಡ್ಡಲ್ಲಿ ಹತ್ತು ಸಾವಿರ ಹೋಯ್ತು ಅಂತ ಮೊಬೈಲಿಗೆ ಮೆಸೇಜು ಬಂತು. ಯಾರೂ ಫೋನ್ ಮಾಡಿರ್ಲಿಲ್ಲ, ಓಟಿಪಿ ಕೇಳಿರ್ಲಿಲ್ಲ. "ಅತ್ಗೆ, ನನ್ನ ಬೆಟ್ಟು ಇಲ್ಲೇ ಐತೆ. ಅದೆಂಗೆ ಅಲ್ಲಿ ಒತ್ತಿದ್ರು?" ಅಂತ ಕೈ ಮುಂದೆ ಹಿಡ್ಕೊಂಡು ಅತ್ಲು. ಅವಳದ್ದು ಎಲ್ಲಿಂದ ಹೋಯ್ತೋ, ಇವತ್ತಿಗೂ ತಿಳೀಲಿಲ್ಲ.

ಹೆಂಗೆ ಹೋಗ್ತದೆ ಅನ್ನೋದು ಮಾತ್ರ 2023ರಲ್ಲೇ ಪೇಪರಲ್ಲಿ ಬಂದಿತ್ತು. ಜಮೀನು, ಸೈಟು ರಿಜಿಸ್ಟರ್ ಮಾಡ್ಸಿದ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು ಇರ್ತದೆ, ಆಧಾರ್ ನಂಬರೂ ಇರ್ತಿತ್ತು. ಕಳ್ಳರು ಕಾವೇರಿ ಜಾಲತಾಣದಿಂದ ಅಂಥ ಪತ್ರದ ನಕಲು ಇಳಿಸ್ಕೊಂಡು, ಗುರುತಿನ ಅಚ್ಚು ತೆಗೆದು, ಆಧಾರ್ ಮೇಲೆ ದುಡ್ಡು ಕೊಡೋ ಸಣ್ಣ ಮಿಷನ್ನಿಗೆ ಒತ್ತೋರು. ಅದಕ್ಕೆ ಓಟಿಪಿ ಬೇಕಿಲ್ಲ. ಆಮೇಲೆ ಸರ್ಕಾರದೋರು ಪತ್ರದಲ್ಲಿ ಬೆಟ್ಟು ಕಾಣದಂಗೆ ಮಾಡಿದ್ರು. ಆದ್ರೆ ಅಷ್ಟರಲ್ಲಿ ಹೊರಗೆ ಹೋಗಿದ್ದನ್ನ ವಾಪಸ್ ತರೋರು ಯಾರು? ಬೀರು ಬೀಗದ ಕೈ ಕಳೆದ್ರೆ ಬೀಗ ಬದಲಾಯಿಸ್ಬೋದು. ಬೆಟ್ಟು ಎಲ್ಲಿಂದ ತರೋಣ?

ನಾದಿನಿ ಅವತ್ತೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರೆದು ಕೊಟ್ಲು. ನಮ್ಮ ತಪ್ಪಿಲ್ದೆ ಹೋದ ದುಡ್ಡಿಗೆ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಹೊಣೆ ನಮ್ದಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತೆ. ಇದನ್ನ ಬರ್ದಿಟ್ಕೊಳ್ರಿ.

ಇನ್ನೊಂದು ದಾರಿ, ಬೆಟ್ಟಿಗೇ ಬೀಗ ಹಾಕೋದು. ಆಧಾರ್ ಆ್ಯಪಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಐತೆ. ಮಗಳು ತೋರಿಸಿದ್ಲು, ನಂದು ಹಾಕ್ಕೊಂಡೆ. ಆದ್ರೆ ಬೀಗ ಹಾಕಿದ್ರೆ ಸೊಸೈಟೀಲೂ ಬೆಟ್ಟು ನಡೆಯಲ್ಲ! ಬೇಕಾದಾಗ ತಾತ್ಕಾಲಿಕ ಅಂತ ತೆಗೀಬೇಕು, ಹತ್ತು ನಿಮಿಷ ಇರ್ತದೆ. ಹೋದ ತಿಂಗಳು ಸಾಲಲ್ಲಿ ನಿಂತೇ ತೆಗ್ದೆ. ನನ್ನ ಮುಂದಿದ್ದೋರಿಗೆ ಸರ್ವರ್ ಬರ್ಲಿಲ್ಲ. ನನ್ನ ಸರದಿ ಬರೋ ಹೊತ್ತಿಗೆ ಮತ್ತೆ ಬೀಗ. ಹಿಂದಿದ್ದ ಹೆಂಗಸ್ರು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವ್ರೇ ಒಬ್ಬೊಬ್ರಾಗಿ "ನಮ್ದೂ ಹಾಕ್ಕೊಡ್ರಕ್ಕ" ಅಂತ ಮೊಬೈಲ್ ಕೊಟ್ರು.

ಅತ್ತೇದೊಂದು ಬಾಕಿ. ಅವ್ರ ಆಧಾರಿಗೆ ಸೇರಿಸಿದ್ದ ನಂಬರು ಯಾವತ್ತೋ ನಿಂತೋಗೈತೆ, ಓಟಿಪಿ ಬರಲ್ಲ. ಹೊಸ ನಂಬರು ಹಾಕ್ಸೋಕೆ ಸೋಮವಾರ ಕಡೂರಿಗೆ ಕರ್ಕೊಂಡು ಹೋಗ್ಬೇಕು. ಅಲ್ಲೂ ಬೆಟ್ಟು ಒತ್ಬೇಕು ಅಂತ ಅವ್ರಿಗಿನ್ನೂ ಹೇಳಿಲ್ಲ.