ಮೊಳಿ ಹೊಡದ ಯಾದಿ

ಯಾದಿ ಒಳಗ ಎರಡು ನಮೂನಿ ಅವ ನೋಡ್ರಿ. ವಾರ ಏಳು, ರಾಶಿ ಹನ್ನೆರಡು, ನಕ್ಷತ್ರ ಇಪ್ಪತ್ತೇಳು. ಇವಕ್ಕ ಯಾರೂ ಹೊಸಾದು ಕೂಡಸೂದಿಲ್ಲ. ಕಿರಾಣಿ ಯಾದಿ ಹಂಗಲ್ಲ, ತಿಂಗಳಿಗೊಮ್ಮೆ ಬದಲಾಗ್ತದ.

ಪ್ರೋಗ್ರಾಮ್ ಬರಿಯೋರೂ ಇದನ್ನ ವಿಚಾರ ಮಾಡಬೇಕಂತ. ನಮ್ಮ ಸೊಸಿ ಸಾಫ್ಟ್‌ವೇರ್ ಕೆಲಸದಾಕಿ, ಆಕಿ ತಿಳಿಸಿ ಹೇಳಿದ್ಲು. ಯಾದಿನ್ನ ಪ್ರೋಗ್ರಾಮಿನೊಳಗ ಬರದಿಟ್ರ ಎನಮ್. ಹೆಸರು ತಪ್ಪಿ ಬರದ್ರ ಭಾಳ ಭಾಷಾದಾಗ ಪ್ರೋಗ್ರಾಮ್ ಓಡೂಕಿಂತ ಮೊದಲ ಸಿಕ್ಕಬೀಳ್ತದ. ಆದ್ರ ಒಂದು ಹೆಸರು ಕೂಡಸಬೇಕಂದ್ರೂ ಪ್ರೋಗ್ರಾಮ್ ತಿದ್ದಿ, ಪರೀಕ್ಷಾ ಮಾಡಿ, ಮತ್ತ ಹೊಸದಾಗಿ ಹಾಕಬೇಕು. ಅದೇ ಯಾದಿನ್ನ ಡೇಟಾಬೇಸ್‌ನಾಗ ಬ್ಯಾರೆ ಇಟ್ರ ಲುಕಪ್ ಟೇಬಲ್. ಒಂದು ಸಾಲು ಕೂಡಸಿದ್ರ ಹೊಸಾ ಹೆಸರು ಬಂತು.

ಇದರಾಗೇನು ದೊಡ್ಡದು ಅಂತೀರೇನು? ನನ್ನ ತಂಗಿ ಹೊಸಪೇಟಿಯಾಕಿ. 2021ರಾಗ ಬಳ್ಳಾರಿ ಜಿಲ್ಲಾ ಒಡದು ವಿಜಯನಗರ ಆತು, ರಾಜ್ಯದ 31ನೇದ್ದು. ಆಮ್ಯಾಲೆ ಆಕಿ ಗಂಡ ತೀರಿಕೊಂಡ್ರು. ಒಂದು ಕಡೆಯಿಂದ ಬರಬೇಕಾದ ರೊಕ್ಕಕ್ಕ ಅರ್ಜಿ ಹಾಕಿದ್ಲು. ಕಾಗದದಾಗ ವಿಜಯನಗರ ಅಂತದ, ಅವರ ಕಂಪ್ಯೂಟರ್‌ನಾಗ 30 ಜಿಲ್ಲಾ ಅಷ್ಟೇ. ಬಳ್ಳಾರಿ ಅಂತ ಆರಿಸಿದ್ರ "ಕಾಗದಕ್ಕ ತಾಳಿ ಆಗೂದಿಲ್ಲ" ಅಂತ ತಿರಗಿ ಕಳಸಿದ್ರು. ಮೂರು ತಿಂಗಳು ಅಡ್ಡಾಡಿದ್ಲು. ಮನ್ಯಾಗ ಇಬ್ಬರು ಹುಡುಗರ ಕಾಲೇಜ್ ಫೀ ಕಟ್ಟೂದಿತ್ತು.

"ಅತ್ತಿ, ಜಿಲ್ಲಾ ಮಾಡೋದು ಸರಕಾರ. ಹೊರಗಿನವರು ಬದಲು ಮಾಡೋ ಯಾದಿನ್ನ ನಾವು ಎನಮ್ ಮಾಡಬಾರದ್ರಿ" ಅಂದ್ಲು ಸೊಸಿ.

"ಹಂಗಾರ ಎಲ್ಲಾ ಟೇಬಲ್‌ನಾಗ ಇಡ್ರೆಲಾ?" ಅಂದೆ.

ಅದೂ ಆಗೂದಿಲ್ಲಂತ. ಅಂಗಡಿ ಬಿಲ್ಲಿನ ಪ್ರೋಗ್ರಾಮ್‌ನಾಗ ನಗದು, ಚೆಕ್ ಅಂತ ಅವ ಅನ್ಕೋರಿ. ಟೇಬಲ್‌ನಾಗ "ಯುಪಿಐ" ಅಂತ ಸಾಲು ಕೂಡಸಿದ್ರ ಹೆಸರೇನೋ ಕಾಣಸ್ತದ, ರೊಕ್ಕ ಬರೂದಿಲ್ಲ. ಅದಕ್ಕ ಬ್ಯಾರೆ ಪ್ರೋಗ್ರಾಮ್ ಬರೀಬೇಕು. ಹೆಸರಿಗೊಂದು ಕೆಲಸ ಬ್ಯಾರೆ ಇದ್ದಲ್ಲಿ ಎನಮ್ ಛಲೋ.

ಟೇಬಲ್ ಇಟ್ರೂ ಹಳೇ ಸಾಲು ಅಳಸಬಾರದಂತ. 2025ರ ಸೆಪ್ಟೆಂಬರ್ 22ಕ್ಕ ಜಿಎಸ್‌ಟಿ ಬದಲಾಗಿ, 12ರಾಗಿದ್ದ ಭಾಳ ಸಾಮಾನು 5ಕ್ಕ ಇಳದ್ವು. ಆದ್ರ ಆಗಸ್ಟ್ ಬಿಲ್ಲು ಇವತ್ತ ತಗದು ನೋಡಿದ್ರೂ 12 ಅಂತನೇ ಇರಬೇಕಲ್ರಿ? ಅದಕ್ಕ ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಅನ್ನೋದನ್ನ ಸಾಲಿನ ಬಾಜೂಕ ಬರದಿಡ್ತಾರ.

ತಂಗಿಗೆ ಕಡೀಕ ರೊಕ್ಕ ಬಂತು, ಯಾರೋ ಪುಣ್ಯಾತ್ಮರು ಆ ಒಂದು ಹೆಸರು ಕೂಡಸಿದ ಮ್ಯಾಲೆ. ನಿಮ್ಮ ಮನಿ ಮಕ್ಕಳೂ ಈ ಕೆಲಸದಾಗ ಇದ್ರ ಕೇಳ್ರಿ: ಈ ಯಾದಿಗೆ ಹೊಸಾ ಹೆಸರು ಬಂದ್ರ ಕೂಡಸೋರು ಯಾರು, ಎಷ್ಟು ದಿನ ಹಿಡೀತದ?