ಮುಂಗಡದ ಗಂಟು

ಚಿತ್ರದುರ್ಗದ ಸೀಮೆಯಲ್ಲಿ ಮುಗಿಲನ್ನು ನಂಬಿ ಬಾಳುವವನಿಗೆ ಧೈರ್ಯವೇ ಮೊದಲ ಬಂಡವಾಳ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಣ 89 ವರ್ಷಗಳಲ್ಲಿ ಎಷ್ಟು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟವೋ ಲೆಕ್ಕವಿಟ್ಟವರಾರು? ಹೊಸದುರ್ಗ ಹೊಳಲ್ಕೆರೆಗಳಲ್ಲಿ ತೆಂಗು ಅಡಕೆಯ ತೋಟವುಳ್ಳವರು ಹೇಗೋ ದಿನ ನೂಕಿಯಾರು. ಬೆದ್ದಲೊಂದನ್ನೇ ನಂಬಿದವನಿಗೆ, ಅದೂ ಇಲ್ಲದವನಿಗೆ, ಮಳೆ ಹೋದ ವರ್ಷ ಬೇರೆ ಗತಿಯಿಲ್ಲ. ಅಂತಹವನ ಬಾಗಿಲಿಗೆ ಮೇಸ್ತ್ರಿ ಬರುವುದು ಆಗಲೇ. ಅವನ ಕೈಯಲ್ಲಿ ಬೆತ್ತವಿಲ್ಲ, ಸಂಕೋಲೆಯಿಲ್ಲ, ಒಂದಿಷ್ಟು ಹಣವಿದೆ. ಅದರ ಹೆಸರು ಮುಂಗಡ.

ಮುಂಗಡ ಕೊಡುವುದೇ ಪಾಪವೆನ್ನಲಾಗದು. ಮಗಳ ಮದುವೆಗೋ, ಮುದುಕಿಯ ಔಷಧಕ್ಕೋ, ಹಳೆಯ ಸಾಲದ ಬಡ್ಡಿಗೋ ಅದು ಒದಗುವುದುಂಟು. ಕೇಡು ಹುಟ್ಟುವುದು ಲೆಕ್ಕದಲ್ಲಿ. ದುಡಿದ ಕೂಲಿ ಎಷ್ಟು, ಮುರಿದುಕೊಂಡದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದೆಲ್ಲ ಒಬ್ಬನ ಪುಸ್ತಕದಲ್ಲಿಯೇ ಇದ್ದು, ಮತ್ತೊಬ್ಬನಿಗೆ ಅದನ್ನು ಓದಲು ಬಾರದಿದ್ದರೆ, ಸಾಲ ತೀರುವುದು ದುಡಿಮೆಯಿಂದಲ್ಲ, ಧಣಿಯ ದಯೆಯಿಂದ. ‘ಜೀತ’ವೆಂಬ ಮಾತಿಗೆ ಹಿಂದೆ ಸಂಬಳವೆಂದೇ ಅರ್ಥವಿತ್ತು, ಬದುಕಿಗೆ ಆಧಾರವಾಗಿದ್ದ ಆ ಮಾತೇ ಕಾಲಕ್ರಮದಲ್ಲಿ ಬಂಧನದ ಮಾತಾಯಿತು.

ಕಾನೂನು ಕೂಡ ಬಹುಕಾಲ ಧಣಿಯ ಪಕ್ಷದಲ್ಲಿಯೇ ನಿಂತಿತ್ತು. 1859ರ ಕಾಯ್ದೆಯೊಂದರಂತೆ, ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಸೆರೆಮನೆಗೆ ಕಳುಹಿಸಬಹುದಾಗಿತ್ತು. ಕಾಫಿ ತೋಟದವರಿಗೆ ಅದು ಒಳ್ಳೆಯ ಆಯುಧವಾಯಿತು. ಅದನ್ನು ತೆಗೆದುಹಾಕುವ ಶಾಸನ ಬಂದುದು 1925ರಲ್ಲಿ. ಶಾಸನ ಹೋದರೂ ಸಾಲ ಹೋಗಲಿಲ್ಲ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದು ಸಾಲ ತೀರಿಸುವುದಕ್ಕಾಗಿಯೇ. ಕಟ್ಟಕಡೆಗೆ ಸಂವಿಧಾನದ 23ನೆಯ ವಿಧಿಯು ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಜೀತದ ಸಾಲವನ್ನೇ ಅಳಿಸಿಹಾಕಿತು. ಇದು ಜೀತದ ಸಾಲವಲ್ಲವೆಂದು ಸಾಧಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆ ಹೊರಿಸಿದ್ದು ಆ ಕಾಯ್ದೆಯ ವಿಶೇಷ.

ಇಷ್ಟಾದ ಮೇಲೆ ಜೀತವು ವೇಷ ಬದಲಿಸಿತು. ಗೌಡರ ಹಟ್ಟಿಯಿಂದ ಹೊರಟು ಇಟ್ಟಿಗೆ ಗೂಡು, ಕಲ್ಲಿನ ಕ್ವಾರಿ, ಪಟ್ಟಣದ ಕಟ್ಟಡಗಳತ್ತ ಸಾಗಿತು. ಅಲ್ಲಿ ಧಣಿಯೆಂಬವನ ಮುಖವೇ ಕಾಣದು. ಕಂಪನಿಯ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಒಳಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ. ಕೇಳಿದರೆ ಕಂಪನಿಯವರು, “ಅವರು ನಮ್ಮ ಆಳುಗಳಲ್ಲ” ಎನ್ನುತ್ತಾರೆ. ಈ ಉತ್ತರ ಸಲ್ಲದೆಂದು ಸುಪ್ರೀಂ ಕೋರ್ಟು 1982ರಲ್ಲಿಯೇ ಹೇಳಿದೆ. ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟುತ್ತಿದ್ದವರ ದಿನದ ಕೂಲಿ 9 ರೂಪಾಯಿ 25 ಪೈಸೆ. ಆಳು ತಂದ ಜಮಾದಾರನು ಅದರಲ್ಲಿ 1 ರೂಪಾಯಿ ಮುರಿದುಕೊಳ್ಳುತ್ತಿದ್ದನು. ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಸುವುದು ಬಲವಂತದ ದುಡಿಮೆಯೇ, ಹಸಿವಿನ ಒತ್ತಾಯವೂ ಒತ್ತಾಯವೇ, ಗುತ್ತಿಗೆದಾರನ ಹೆಸರು ಹೇಳಿ ಮೂಲ ಮಾಲೀಕನು ತಪ್ಪಿಸಿಕೊಳ್ಳಲಾಗದು ಎಂದು ನ್ಯಾಯಾಲಯವು ತೀರ್ಮಾನಿಸಿತು.

“ಅಷ್ಟು ಕೆಳಗಿನ ವರೆಗೆ ನೋಡುವುದು ಆಗದ ಮಾತು” ಎಂಬುದು ಎರಡನೆಯ ನೆವ. ಇದಕ್ಕೆ ಈ ಜಿಲ್ಲೆಯ ಬೆಟ್ಟಗಳೇ ಉತ್ತರ ಹೇಳುತ್ತವೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡಗಳಲ್ಲಿ ಕಬ್ಬಿಣದ ಅದಿರುಂಟು. ಅಕ್ರಮ ಗಣಿಗಾರಿಕೆಯ ಕಾರಣ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯೊಡನೆ ಚಿತ್ರದುರ್ಗ, ತುಮಕೂರುಗಳಲ್ಲಿಯೂ ಗಣಿಗಳನ್ನು ನಿಲ್ಲಿಸಿತು; ಮುಂದೆ ಅದಿರಿನ ಮಾರಾಟವು ನ್ಯಾಯಾಲಯವು ನೇಮಿಸಿದ ಸಮಿತಿಯ ಕಣ್ಣೆದುರಿಗೆ, ಹರಾಜಿನ ಮೂಲಕ ನಡೆಯಿತು. ಯಾವ ಗುಂಡಿಯ ಅದಿರು ಯಾರಿಗೆ ಹೋಯಿತೆಂದು ಲೆಕ್ಕ ಹೇಳಬೇಕಾಯಿತು, ಹೇಳಿದರು. ಮಣ್ಣಿನ ಮೂಲವನ್ನು ಹುಡುಕಬಲ್ಲವರಿಗೆ ಮನುಷ್ಯನ ಮೂಲವನ್ನು ಹುಡುಕುವುದು ಅಸಾಧ್ಯವೇ?

ಇಂಗ್ಲೆಂಡಿನಲ್ಲಿ 2015ರ ಕಾಯ್ದೆಯು ದೊಡ್ಡ ಕಂಪನಿಗಳು ಪ್ರತಿವರ್ಷ ಈ ಬಗ್ಗೆ ಹೇಳಿಕೆ ಪ್ರಕಟಿಸಬೇಕೆಂದು ವಿಧಿಸಿತು. ಆದರೆ “ಯಾವ ಕ್ರಮವನ್ನೂ ಕೈಕೊಂಡಿಲ್ಲ” ಎಂದು ಬರೆದರೂ ಆ ವಿಧಿ ಪೂರೈಸುತ್ತದೆ. ಬರಿಯ ಕಾಗದದಿಂದ ಗಂಟು ಬಿಚ್ಚದು. ಬಿಚ್ಚಬೇಕಾದರೆ ಕೆಲಸದ ಜಾಗಕ್ಕೆ ಹೋಗಿ, ಮೇಸ್ತ್ರಿಯಿಲ್ಲದ ವೇಳೆಯಲ್ಲಿ ಆಳನ್ನು ಅವನ ಭಾಷೆಯಲ್ಲಿಯೇ ವಿಚಾರಿಸಬೇಕು. ಮುಂಗಡ ಕೊಟ್ಟವರಾರು? ಕೂಲಿ ಯಾರ ಕೈಗೆ ಬರುತ್ತದೆ? ಗುರುತಿನ ಚೀಟಿ ಯಾರ ಪೆಟ್ಟಿಗೆಯಲ್ಲಿದೆ? ಎಲ್ಲಕ್ಕಿಂತ ಮುಖ್ಯವಾಗಿ, ನಾಳೆ ಬೆಳಿಗ್ಗೆ ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆಂದರೆ ತಡೆಯುವವರುಂಟೇ? ಕೊನೆಯ ಪ್ರಶ್ನೆಗೆ ಆಳು ತಲೆ ತಗ್ಗಿಸಿದರೆ, ಹಾಜರಿ ಪುಸ್ತಕವು ಎಷ್ಟು ಅಚ್ಚುಕಟ್ಟಾಗಿದ್ದರೂ ಅದು ಜೀತವೇ.

ಈ ಪ್ರಶ್ನೆಗಳು ಕಂಪನಿಗಳಿಗೆ ಮಾತ್ರ ಮೀಸಲಲ್ಲ. ಹೊಸಮನೆ ಕಟ್ಟಿಸುವ ಗೃಹಸ್ಥನು ಇಟ್ಟಿಗೆಯನ್ನು ತಟ್ಟಿ, ನಾದ ಕೇಳಿ, ಗಟ್ಟಿಯೋ ಟೊಳ್ಳೋ ಎಂದು ಪರೀಕ್ಷಿಸಿ ಕೊಳ್ಳುತ್ತಾನೆ. ಅದನ್ನು ಮಾಡಿದವನಿಗೆ ಕೂಲಿ ಸಂದಿತೇ ಎಂದು ಕೇಳುವುದಕ್ಕೆ ಅದಕ್ಕಿಂತ ಹೆಚ್ಚಿನ ಹೊತ್ತು ಬೇಕಾಗದು.